ಮೇಲೆ ಹೋದರೆ ಕೂಡು

"ಮೂವತ್ತೇಳನೇ ಪ್ರಶ್ನೆಗೆ ನಾನು ಹಾಕಿದ್ದೇ ಸರಿ. ತಪ್ಪು ಮಾಡಿರೋದು ಅವರು. ಇವತ್ತೇ ಹೋಗಿ ತಕರಾರು ಕೊಟ್ಟು ಬರ್ತೀನಿ. ನೀನೇ ಸಾಕ್ಷಿ!"

ಐದನೆಯ ಮಹಡಿಯಲ್ಲಿ ಲಿಫ್ಟಿನ ಬಾಗಿಲು ತೆರೆದ ಕೂಡಲೇ ಫೋನು ಎರಡು ಸಲ ನಡುಗಿ ಈ ಸಾಲುಗಳನ್ನು ತೋರಿಸಿತು. ಆ ಲಿಫ್ಟಿನ ಸ್ವಭಾವವೇ ಹಾಗೆ. ಬಾಗಿಲು ಮುಚ್ಚಿದರೆ ಸಿಗ್ನಲ್ ಸಾಯುತ್ತಿತ್ತು. ತೆರೆದರೆ ಫಿನಾಯಿಲ್ ವಾಸನೆಯ ಜೊತೆಗೆ ಊರ ಸುದ್ದಿಯೆಲ್ಲ ಒಟ್ಟಿಗೆ ಒಳಗೆ ನುಗ್ಗುತ್ತಿತ್ತು. ಲಿಫ್ಟು ನಡೆಸುವ ಅವಳು ಸ್ಟೂಲಿನಿಂದ ಎದ್ದು, ಕಾಲಿಗೆ ಪ್ಲಾಸ್ಟರ್ ಹಾಕಿದ್ದ ಮುದುಕನ ತಳ್ಳುಗಾಡಿ ಹೊರಗೆ ಹೋಗುವ ತನಕ ಬಾಗಿಲನ್ನು ಮೊಣಕೈಯಿಂದ ತಡೆದು ನಿಂತಳು. ಸಲೈನ್ ಬಾಟಲಿ ಹಿಡಿದಿದ್ದ ನರ್ಸು ಹೋಗುತ್ತ ಹೋಗುತ್ತ ತಿರುಗಿ, "ಇನ್ನೆಷ್ಟು ದಿನ ನಮ್ಮನ್ನ ಹತ್ತಿಸಿ ಇಳಿಸ್ತೀಯಮ್ಮ, ನೀನೀಗ ದೊಡ್ಡ ಮನುಷ್ಯಳು" ಎಂದು ನಕ್ಕಳು. ಇವಳೂ ನಕ್ಕಳು. ನಿನ್ನೆಯಿಂದ ಹೀಗೆ ನಕ್ಕು ನಕ್ಕು ಕೆನ್ನೆ ನೋಯುತ್ತಿತ್ತು.

ನಿನ್ನೆ ಫಲಿತಾಂಶ ಬಂದಿತ್ತು. ಎಕ್ಸ್‌ರೇ ತಂತ್ರಜ್ಞರ ತರಬೇತಿಗೆ ಸೇರಲು ಬರೆಯುವ ಪರೀಕ್ಷೆ. ಅರವತ್ತೊಂದಾದರೂ ಅಂಕ ಬಂದವರಿಗೆ ಸೀಟು. ಅವಳಿಗೆ ಅರವತ್ಮೂರು ಬಂದಿತ್ತು. ಈಗ ಸಂದೇಶ ಕಳಿಸಿದ ನೂಲುಂಡೆಗೆ ಅರವತ್ತು.

ನೂಲುಂಡೆಯ ಮುಖವನ್ನು ಅವಳು ನೋಡಿದವಳಲ್ಲ. ಅವನ ನಿಜವಾದ ಹೆಸರೂ ಗೊತ್ತಿಲ್ಲ. ಯಾವುದೋ ಬೇರೆ ಊರಿನ ಸಿದ್ಧ ಉಡುಪಿನ ಕಾರ್ಖಾನೆಯಲ್ಲಿ ಅಂಗಿಗೆ ಕಾಜಾ ಹಾಕುವ ಯಂತ್ರದ ಮುಂದೆ ಕೂರುವವನು, ಬರುವ ತಿಂಗಳು ಇಪ್ಪತ್ತೈದು ತುಂಬುತ್ತದೆ, ಆಮೇಲೆ ಈ ಪರೀಕ್ಷೆ ಬರೆಯುವ ಹಾಗಿಲ್ಲ ಎನ್ನುವುದಷ್ಟು ಗೊತ್ತಿತ್ತು. ಅವನಿಗೂ ಇವಳು 'ಏಳುಮಹಡಿ'. ಏಳು ಮಹಡಿಯ ಆಸ್ಪತ್ರೆಯಲ್ಲಿ ಲಿಫ್ಟು ನಡೆಸುವವಳು. ಅದಕ್ಕಿಂತ ಹೆಚ್ಚಿಗೆ ಹೇಳಿಕೊಳ್ಳುವುದಕ್ಕೆ 'ಒಂದೇ ಸಾಲು' ಗುಂಪಿನಲ್ಲಿ ಅಪ್ಪಣೆ ಇರಲಿಲ್ಲ.

ಆ ಗುಂಪನ್ನು ಕಟ್ಟಿದವಳು 'ಅಜ್ಜಿ'. ಹದಿನೇಳು ವರ್ಷದ ಹುಡುಗಿ. ಎಲ್ಲರನ್ನೂ ಬೈಯುತ್ತಿದ್ದಳೆಂದು ಆ ಹೆಸರು. ಪರೀಕ್ಷೆಗೆ ಓದುವವರು ಆನ್‌ಲೈನಿನಲ್ಲಿ ಸೇರಿ ಭೌತಶಾಸ್ತ್ರದ ಲೆಕ್ಕ ಬಿಡಿಸಿಕೊಳ್ಳಬೇಕು, ಆದರೆ ಯಾರೂ ಯಾರಿಗೂ ಪೂರ್ತಿ ಉತ್ತರ ಕೊಡಕೂಡದು. ಲೆಕ್ಕ ಕೇಳಿದವನೂ ಹೇಳಿಕೊಡುವವನೂ ಬೇರೆಯೇ ಒಂದು ಕೊಠಡಿಗೆ ಹೋಗಬೇಕು. ಇವನು ಒಂದು ಸಾಲು ಬರೆದರೆ ಮುಂದಿನ ಸಾಲನ್ನು ಅವನು ಬರೆಯಬೇಕು. ಉತ್ತರ ಬಂದಾಗ ಕೇಳಿದವನೇ 'ಬಿಡಿಸಿತು' ಎಂದು ಹಾಕಿ ಮುಗಿಸಬೇಕು. "ಉಣ್ಣಿಸಿ ಬೆಳೆಸಿದ ಮಗು ಅಗಿಯೋದು ಕಲಿಯಲ್ಲ" ಎಂದು ಅಜ್ಜಿ ಬರೆದಿದ್ದಳು. ಹೆಸರು ಬೇಡ, ನಂಬರು ಬೇಡ, ನೀವು-ತಾವು ಬೇಡ, ಎಲ್ಲರೂ ನೀನು. ಇನ್ನೊಂದು ಕಟ್ಟಳೆ: ಪರೀಕ್ಷೆಯ ಹಿಂದಿನ ದಿನ ಮಧ್ಯಾಹ್ನ ಹನ್ನೆರಡಕ್ಕೆ ಎಲ್ಲ ಕೊಠಡಿಗಳಿಗೂ ಬೀಗ. ಕೊನೇ ಗಳಿಗೆಯಲ್ಲಿ ಕಲಿತದ್ದು ಮೊದಲು ಕಲಿತದ್ದನ್ನೂ ಮರೆಸುತ್ತದೆ ಎನ್ನುವುದು ಅವಳ ವಾದ.

ಬಾಗಿಲು ಮುಚ್ಚಿಕೊಂಡಿತು. ಮೂರನೆಯ ಮಹಡಿಯಿಂದ ಗಂಟೆ ಬಂದಿತ್ತು. ಇಳಿಯುತ್ತಿರುವಾಗ ಅವಳು ಆ ಸಾಲುಗಳನ್ನು ಮತ್ತೆ ಓದಿದಳು. 'ನೀನೇ ಸಾಕ್ಷಿ' ಎನ್ನುವಲ್ಲಿಗೆ ಬಂದಾಗ ಕಣ್ಣು ತಾನಾಗಿ ಬೇರೆ ಕಡೆ ಹೊರಳಿತು.

ಮೂರನೆಯ ಮಹಡಿಯಲ್ಲಿ ಬಾಗಿಲು ತೆರೆದಾಗ ಉಳಿದದ್ದು ಬಂತು.

"ತಕರಾರು ಪರೀಕ್ಷೆ ಆಫೀಸಿಗೇ ಹೋಗಿ ಕೈಯಾರೆ ಕೊಡಬೇಕಂತೆ, ಇವತ್ತು ಸಂಜೆ ಐದರೊಳಗೆ. ಒಂದು ಗಂಟೆ ಬಸ್ಸಿಗೆ ಹೊರಟ್ರೆ ತಲುಪ್ತೀನಿ. ಸೂಪರ್‌ವೈಸರ್ ಹತ್ರ ರಜೆ ಕೇಳ್ದೆ. ಈ ವಾರ ಮಾಲು ಹೋಗ್ಬೇಕು, ಈಗ ಎದ್ದು ಹೋದ್ರೆ ವಾಪಸ್ ಬರೋದೇ ಬೇಡ ಅಂದ. ಬೇಡ ಅಂದ್ರೆ ಬೇಡ! ಸೀಟು ಸಿಕ್ಕ ಮೇಲೆ ಈ ಕಾಜಾ ಯಾರಿಗೆ ಬೇಕು?"

ಅದರ ಕೆಳಗೆ ಒಂದು ಫೋಟೋ. ಹೊಲಿಗೆ ಯಂತ್ರದ ಹಲಗೆ. ಅದರ ಮೇಲೆ ಬಟ್ಟೆಗೆ ಗುರುತು ಹಾಕುವ ನೀಲಿ ಸೀಮೆಸುಣ್ಣದಲ್ಲಿ, ತಿಂಗಳುಗಟ್ಟಲೆ ಮತ್ತೆ ಮತ್ತೆ ತಿದ್ದಿ ದಪ್ಪವಾದ ಅಕ್ಷರಗಳು: ಮೇಲೆ ಹೋದರೆ ಕೂಡು, ಕೆಳಗೆ ಬಂದರೆ ಕಳೆ.

ಅದು ಅವಳದೇ ಮಾತು.

ಐದು ತಿಂಗಳ ಹಿಂದೆ ಅವನು ಲಿಫ್ಟಿನ ಲೆಕ್ಕ ತಂದಿದ್ದ. ಲಿಫ್ಟಿನೊಳಗೆ ತೂಕದ ಯಂತ್ರದ ಮೇಲೆ ನಿಂತವನಿಗೆ ಮುಳ್ಳು ಎಷ್ಟು ತೋರಿಸುತ್ತದೆ ಎನ್ನುವ ಲೆಕ್ಕ. ಉಳಿದವರು ಹೇಳಿಕೊಡಲು ಮುಂದೆ ಬಂದರೂ ಅವನು ಒಪ್ಪಲಿಲ್ಲ. "ಪುಸ್ತಕ ಬರೆದೋರು ಲಿಫ್ಟ್ ಹತ್ತಿದ್ರೋ ಮೆಟ್ಟಿಲು ಹತ್ತಿದ್ರೋ ಯಾರಿಗೆ ಗೊತ್ತು, ಏಳುಮಹಡಿ ದಿನಾ ಅದರೊಳಗೇ ಇರ್ತಾಳೆ, ಅವಳೇ ಹೇಳ್ಲಿ" ಎಂದಿದ್ದ. ಓದಿದಾಗ ಅವಳಿಗೆ ಮೈ ಜುಮ್ಮೆಂದಿತ್ತು. ಹುಟ್ಟಿದಾಗಿನಿಂದ ಯಾರೂ ಅವಳನ್ನು ಯಾವುದರಲ್ಲೂ ಬಲ್ಲವಳು ಎಂದಿರಲಿಲ್ಲ. ಆ ಉಬ್ಬಿನಲ್ಲಿ ಅವಳು ಒಂದೊಂದೇ ಸಾಲಿನ ಕಟ್ಟಳೆ ಮುರಿದು, ಸೂತ್ರವನ್ನೇ ಕೊಟ್ಟುಬಿಟ್ಟಳು. ಲಿಫ್ಟು ಮೇಲೆ ಹೋದರೆ ಕೂಡು, ಕೆಳಗೆ ಬಂದರೆ ಕಳೆ. ಅಷ್ಟೇ ಕಣೋ, ಇದಕ್ಕೇಕೆ ತಲೆ ಕೆಡಿಸಿಕೊಳ್ಳುತ್ತೀಯ? ಅವತ್ತು ಕೇಳಿದ ಎರಡು ಲೆಕ್ಕಕ್ಕೂ ಅದರಿಂದಲೇ ಉತ್ತರ ಸರಿಯಾಗಿ ಬಂತು. ಅವನು ಹಲಗೆಯ ಮೇಲೆ ಬರೆದುಕೊಂಡ.

ತಪ್ಪೆಂದು ತಿಳಿದದ್ದು ಪರೀಕ್ಷೆಯ ಹಿಂದಿನ ದಿನ ಬೆಳಗ್ಗೆ. ಹೊರರೋಗಿಗಳ ವಿಭಾಗದ ಹಳೆಯ ತೂಕದ ಯಂತ್ರವನ್ನು ಏಳನೆಯ ಮಹಡಿಗೆ ಸಾಗಿಸಬೇಕಿತ್ತು. ಆಯಾ ಅದನ್ನು ಲಿಫ್ಟಿನೊಳಗೆ ಎಳೆದಿಟ್ಟು, "ಮೇಲೆ ನೀನೇ ಇಳಿಸ್ಕೋ" ಎಂದು ಹೋದಳು. ಇವಳು ಆಟಕ್ಕೆಂದು ಅದರ ಮೇಲೆ ಹತ್ತಿ ನಿಂತಳು. ನಲವತ್ತಾರು ಕೆಜಿ. ಲಿಫ್ಟು ಹೊರಟಾಗ ಮುಳ್ಳು ಐವತ್ತಕ್ಕೆ ಹೋಯಿತು. ಆಹಾ, ನೋಡು ನನ್ನ ಸೂತ್ರ, ಎಂದುಕೊಳ್ಳುತ್ತಿರುವಾಗಲೇ ಅದು ಹಿಂದಕ್ಕೆ ಬಂದು ನಲವತ್ತಾರರಲ್ಲಿ ನಿಂತಿತು. ಏಳನೆಯ ಮಹಡಿ ಹತ್ತಿರವಾಗಿ ಲಿಫ್ಟು ನಿಧಾನವಾಗತೊಡಗಿದಾಗ ಮುಳ್ಳು ಇಳಿಯಿತು. ನಲವತ್ನಾಲ್ಕು. ನಲವತ್ತೆರಡು. ಲಿಫ್ಟು ಹೋಗುತ್ತಿದ್ದದ್ದು ಮೇಲಕ್ಕೇ.

ಕೆಳಗಿಳಿದು ಮತ್ತೆ ಬಂದಳು. ಇನ್ನೊಂದು ಸಲ. ಮೂರನೆಯ ಮಹಡಿಯಲ್ಲಿ ಜನ ಬಾಗಿಲು ಬಡಿಯುತ್ತಿದ್ದರು. ಎರಡು ವರ್ಷದಿಂದ ದಿನಕ್ಕೆ ನೂರು ಸಲ ಏಳನೆಯ ಮಹಡಿ ಸಮೀಪಿಸಿದಾಗ ಹೊಟ್ಟೆಯೊಳಗೆ ಹಗುರಾಗುವುದು ಅವಳಿಗೆ ಗೊತ್ತಿತ್ತು. ಮೈಗೆ ಗೊತ್ತಿದ್ದುದನ್ನು ತಲೆ ಕೇಳಿರಲಿಲ್ಲ. ಲಿಫ್ಟು ಹೋಗುವ ದಿಕ್ಕೊಂದನ್ನೇ ನೋಡಿ ಕೂಡುವುದು ಕಳೆಯುವುದು ತಪ್ಪು. ವೇಗ ಹೆಚ್ಚುತ್ತಿದೆಯೋ ಕಡಿಮೆಯಾಗುತ್ತಿದೆಯೋ ಎನ್ನುವುದನ್ನೂ ನೋಡಬೇಕು. ಆಗ ಗಡಿಯಾರ ಹತ್ತೂವರೆ ತೋರಿಸುತ್ತಿತ್ತು. ಕೊಠಡಿಗೆ ಬೀಗ ಬೀಳಲು ಇನ್ನೂ ಒಂದೂವರೆ ಗಂಟೆ ಇತ್ತು.

ಅವಳು ಬರೆದಳು ಕೂಡ. 'ನೂಲುಂಡೆ, ಲಿಫ್ಟಿನ ಸೂತ್ರ ತಪ್ಪು' ಎಂದು ಬರೆದು, ಕಳಿಸುವ ಗುಂಡಿಯ ಮೇಲೆ ಹೆಬ್ಬೆರಳು ಇಟ್ಟುಕೊಂಡು ಕುಳಿತಳು. ನಾಳೆ ಪರೀಕ್ಷೆ, ಈಗ ಹೇಳಿದರೆ ಪಾಪ ಅವನು ಗಲಿಬಿಲಿಗೊಳ್ಳುತ್ತಾನೆ. ಅಷ್ಟಕ್ಕೂ ಅಂಥ ಪ್ರಶ್ನೆ ಬರುತ್ತದೆಂದು ಏನು ಗ್ಯಾರಂಟಿ? ಇನ್ನೊಮ್ಮೆ ಪುಸ್ತಕ ನೋಡಿ ಖಾತ್ರಿ ಮಾಡಿಕೊಂಡು ಹೇಳಿದರಾಯಿತು. ಮೂರು ಕಾರಣಗಳೂ ಒಳ್ಳೆಯ ಕಾರಣಗಳೇ. ಅವುಗಳ ಅಡಿಯಲ್ಲಿ ನಾಲ್ಕನೆಯದೊಂದು ಕುಕ್ಕರುಗಾಲಿನಲ್ಲಿ ಕೂತಿತ್ತು: ಇನ್ನು ಮುಂದೆ 'ಏಳುಮಹಡಿಯನ್ನೇ ಕೇಳಿ' ಎಂದು ಯಾರೂ ಅನ್ನುವುದಿಲ್ಲ. ಅಷ್ಟರಲ್ಲಿ ಶಸ್ತ್ರಚಿಕಿತ್ಸೆಯ ಕೋಣೆಯಿಂದ ಗಂಟೆ ಬಂತು, ಅದರ ಹಿಂದೆ ಇನ್ನೊಂದು. ಮುಂದೆ ಬಾಗಿಲು ತೆರೆದು ಫೋನು ನೋಡಿದಾಗ ಹನ್ನೆರಡು ಗಂಟೆ ಎರಡು ನಿಮಿಷ. ಕೊಠಡಿಗೆ ಬೀಗ ಬಿದ್ದಿತ್ತು. ಅವಳಿಗೆ ಆಗ ಅಯ್ಯೋ ಅನಿಸಿತೆಂದರೆ ಅದು ಅರ್ಧ ಮಾತ್ರ ನಿಜ. ಉಳಿದರ್ಧ ಸಮಾಧಾನ.

ಮರುದಿನದ ಪರೀಕ್ಷೆಯಲ್ಲಿ ಮೂವತ್ತೇಳನೆಯ ಪ್ರಶ್ನೆ ಅದೇ. ಅರವತ್ತು ಕೆಜಿ ತೂಕದವನೊಬ್ಬ, ಮೇಲೆ ಹೋಗುತ್ತ ಸೆಕೆಂಡಿಗೆ ಎರಡು ಮೀಟರ್ ವೇಗ ಕಳೆದುಕೊಂಡು ನಿಧಾನವಾಗುತ್ತಿರುವ ಲಿಫ್ಟು, ಗುರುತ್ವ ಹತ್ತು. ಅವಳು ನಲವತ್ತೆಂಟು ಎಂದು ಗುರುತು ಹಾಕಿದಳು. ಸಂಜೆ ಗುಂಪು ತೆರೆದಾಗ ನೂಲುಂಡೆ ಕುಣಿಯುತ್ತಿದ್ದ. "ನಿನ್ನ ಲಿಫ್ಟು ಬಂದಿತ್ತು, ನೋಡಿದ್ಯಾ? ಕಣ್ಮುಚ್ಕೊಂಡು ಎಪ್ಪತ್ತೆರಡು ಹಾಕ್ದೆ!" ಎಂದ. "ನೋಡಿದೆ" ಎಂದಷ್ಟೇ ಅವಳು ಬರೆದಳು.

ಅಲ್ಲಿಗೆ ತಪ್ಪು ಎರಡಾಯಿತು.

ನೆಲಮಹಡಿಯಲ್ಲಿ ಅಮ್ಮ ತೊಳೆದ ಹೊದಿಕೆಗಳ ಗಾಡಿ ತಳ್ಳಿಕೊಂಡು ಒಳಗೆ ಬಂದಳು. ಆಸ್ಪತ್ರೆಯ ಬಟ್ಟೆಕೋಣೆಯಲ್ಲಿ ಅವಳದು ಹದಿನಾಲ್ಕು ವರ್ಷದ ಕೆಲಸ. ಕೈ ಯಾವಾಗಲೂ ಸೋಪಿನ ನೀರಿನಲ್ಲಿ ನೆನೆದು ಬಿಳುಚಿಕೊಂಡಿರುತ್ತಿತ್ತು. ಜೊತೆಗೆ ಹೊಸದಾಗಿ ಸೇರಿದ ಹೆಂಗಸೊಬ್ಬಳು.

"ಇವಳೇ ನೋಡು ನನ್ನ ಮಗಳು. ಯಾರ ಹಂಗೂ ಇಲ್ದೆ ಈ ಡಬ್ಬಿಯೊಳಗೆ ಕೂತ್ಕೊಂಡೇ ಓದಿ ಪಾಸಾದ್ಲು" ಎಂದಳು ಅಮ್ಮ. ನಿನ್ನೆಯಿಂದ ಇದನ್ನು ಎಷ್ಟನೆಯ ಸಲ ಹೇಳುತ್ತಿದ್ದಳೋ. ಹೊಸ ಹೆಂಗಸು ಎರಡನೆಯ ಮಹಡಿಯಲ್ಲಿ ಇಳಿದಳು. ಬಾಗಿಲು ಮುಚ್ಚಿದ ಮೇಲೆ ಇವಳು ಅಮ್ಮನ ಕಡೆ ತಿರುಗದೆ ಕೇಳಿದಳು:

"ಅಮ್ಮಾ, ಒಬ್ಬರಿಗೆ ನಾನೊಂದು ತಪ್ಪು ಹೇಳಿಕೊಟ್ಟಿದ್ದೆ. ಅದರಿಂದ ಅವರಿಗೆ ಸೀಟು ಹೋಯ್ತು."

"ಬೇಕೂಂತ ಹೇಳಿದ್ಯಾ?"

"ಇಲ್ಲ."

"ನೀನು ಹೇಳಿದ್ದು ತಪ್ಪು ಅಂತ ಅವರಿಗೆ ಗೊತ್ತಾ?"

"ಇಲ್ಲ."

"ಮತ್ತೆ?"

ಅಮ್ಮ ನಿಜವಾಗಿಯೂ ಅರ್ಥವಾಗದೆ ಕೇಳಿದ್ದಳು. ಹೊದಿಕೆಯೊಂದರ ಮಡಿಕೆ ಸರಿಮಾಡುತ್ತ, "ಬೀದೀಲಿ ಹೋಗೋ ಮಾರಿನ ಯಾಕೆ ಮನೆಗೆ ಕರೀತೀಯ. ನಿಂದೇನು ಸೀಟು ಕಿತ್ಕೊತಾರಾ?" ಎಂದಳು. ಆಮೇಲೆ ಸ್ವಲ್ಪ ದನಿ ಇಳಿಸಿ, "ಕಿತ್ಕೊತಾರೇನೇ?" ಎಂದಳು.

"ಇಲ್ಲಮ್ಮ."

"ಹಂಗಾದ್ರೆ ಬಿಡು." ಆರನೆಯ ಮಹಡಿಯಲ್ಲಿ ಅಮ್ಮ ಗಾಡಿ ತಳ್ಳಿಕೊಂಡು ಇಳಿದುಹೋದಳು. ಅದರ ಒಂದು ಚಕ್ರ ಕಿರುಗುಟ್ಟುತ್ತಿದ್ದದ್ದು ಮೊಗಸಾಲೆಯ ಕೊನೆಯ ತನಕ ಕೇಳಿಸಿತು.

ಹನ್ನೆರಡು ಇಪ್ಪತ್ತು. ಫೋನಿನಲ್ಲಿ ಹೊಸ ಸಾಲು. "ಎಲ್ಲಿ ಹೋದೆ? ಹನ್ನೆರಡೂ ಮುಕ್ಕಾಲಿಗೆ ನಾನು ಎದ್ದು ಹೋಗ್ತಿದೀನಿ. ಅಷ್ಟರಲ್ಲಿ ನೀನು ಲೆಕ್ಕ ಪೂರ್ತಿ ಬರೆದು ಕಳಿಸು. ಲಿಫ್ಟ್ ನಡೆಸೋರೇ ಬರೆದಿದ್ದು ಅಂತ ಆಫೀಸಲ್ಲಿ ತೋರಿಸ್ತೀನಿ. ಅವರ ಮುಖ ನೋಡ್ಬೇಕು ಆಗ!"

ಸುಮ್ಮನಿದ್ದರೆ ಆಗುವುದೇನೆಂದು ಅವಳಿಗೆ ಕಣ್ಣಿಗೆ ಕಟ್ಟಿದ ಹಾಗೆ ಕಾಣಿಸಿತು. ಅವನು ಬಸ್ಸಿನಲ್ಲಿ ಕಿಟಕಿ ಪಕ್ಕ ಕೂರುತ್ತಾನೆ. ಆಫೀಸಿನ ಕಿಂಡಿಯಲ್ಲಿ ಯಾರೋ ಕನ್ನಡಕ ಮೇಲೆತ್ತಿ, ಎರಡೇ ನಿಮಿಷದಲ್ಲಿ ಲೆಕ್ಕ ಬಿಡಿಸಿ ತೋರಿಸುತ್ತಾನೆ. ಹಿಂದೆ ಸಾಲಿನಲ್ಲಿ ನಿಂತವರು ಕಿಸಕ್ಕೆನ್ನುತ್ತಾರೆ. ನಾಳೆ ಬೆಳಗ್ಗೆ ಅವನ ಯಂತ್ರದ ಮುಂದೆ ಬೇರೆ ಯಾರೋ ಕೂತಿರುತ್ತಾರೆ. ಸೀಟಂತೂ ಹೋಯಿತು, ಇನ್ನು ಕೆಲಸವೂ ಹೋಗಬೇಕೇ? ಅವಳಿಗೆ ತನ್ನ ಮೇಲೆ ತನಗೇ ಅಸಹ್ಯವಾಯಿತು.

ಆರನೆಯ ಮಹಡಿಯಲ್ಲೇ ಬಾಗಿಲಿಗೆ ಸ್ಟೂಲನ್ನು ಅಡ್ಡ ಇಟ್ಟಳು. ಹೀಗೆ ಲಿಫ್ಟು ತಡೆದು ನಿಲ್ಲಿಸಿದರೆ ಮೇಲಧಿಕಾರಿಗಳು ಎಚ್ಚರಿಕೆಯ ಚೀಟಿ ಕೊಡುತ್ತಾರೆ. ಕೊಡಲಿ. ಬಾಗಿಲು ಮುಚ್ಚಲು ಬಂದು, ಸ್ಟೂಲಿಗೆ ತಾಗಿ, ಮತ್ತೆ ಹಿಂದೆ ಸರಿಯುತ್ತಿತ್ತು.

ಏನೆಂದು ಶುರು ಮಾಡುವುದು? 'ಕ್ಷಮಿಸು' ಎಂದು ಬರೆದು ಅಳಿಸಿದಳು. ಆ ಕೊಠಡಿಯಲ್ಲಿ ಅವರಿಬ್ಬರಿಗೂ ಗೊತ್ತಿದ್ದ ಭಾಷೆ ಒಂದೇ.

"ಬಾ, ಹೊಸ ಲೆಕ್ಕ ಅಂದ್ಕೊಂಡು ಬಿಡಿಸೋಣ. ಮೊದಲನೇ ಸಾಲು ನಂದು. ನಿಂತಿರೋನ ಮೇಲೆ ಎರಡು ಬಲ. ಭೂಮಿ ಕೆಳಗೆ ಎಳೀತಿದೆ, ಯಂತ್ರ ಮೇಲಕ್ಕೆ ತಳ್ತಿದೆ."

"ಈಗ ಟೈಮ್ ಇಲ್ಲ ಮಾರಾಯ್ತಿ! ಸರಿ, ಎರಡನೇ ಸಾಲು. ಲಿಫ್ಟು ಮೇಲೆ ಹೋಗ್ತಿದೆ, ಅದಕ್ಕೆ ಕೂಡು."

"ಕೂಡಬೇಡ. ಹೋಗ್ತಿರೋ ದಿಕ್ಕೊಂದೇ ಸಾಲದು. ಅದರ ವೇಗ ಏನಾಗ್ತಿದೆ?"

ನಾಲ್ಕನೆಯ ಮಹಡಿಯಿಂದ ಗಂಟೆ ಬಡಿಯತೊಡಗಿತು.

"ಕಡಿಮೆ ಆಗ್ತಿದೆ."

"ಹಾಗಾದ್ರೆ ವೇಗೋತ್ಕರ್ಷ ಯಾವ ಕಡೆಗೆ?"

'ಬರೆಯುತ್ತಿದ್ದಾರೆ' ಎಂದು ಪರದೆಯ ಮೇಲೆ ಬಂತು, ಹೋಯಿತು, ಮತ್ತೆ ಬಂತು. ನಾಲ್ಕರಿಂದ ಗಂಟೆ ನಿಲ್ಲದೆ ಬಡಿಯುತ್ತಿತ್ತು. ಮೆಟ್ಟಿಲಿನ ಕಡೆಯಿಂದ ಯಾರೋ, "ಲಿಫ್ಟ್! ಏ ಲಿಫ್ಟ್! ಸತ್ತು ಹೋದ್ಯಾ?" ಎಂದು ಕೂಗಿದರು.

"ಕೆಳಗೆ" ಎಂದು ಬಂತು.

"ಹಾಗಾದ್ರೆ ಮುಂದಿನ ಸಾಲು?"

"ಹತ್ತರಲ್ಲಿ ಎರಡು ಕಳೆ. ಎಂಟು."

ಬರೆಯುವ ಸರದಿ ಅವಳದೇ ಆಗಿತ್ತು. ಆದರೆ ಅವನು ಕಾಯದೆ ಉಳಿದ ಸಾಲುಗಳನ್ನೂ ತಾನೇ ಬರೆದ.

"ಅರವತ್ತು ಇಂಟು ಎಂಟು."

"ನಾನೂರ ಎಂಬತ್ತು."

"ಮುಳ್ಳು ತೋರಿಸೋದು ನಲವತ್ತೆಂಟು ಕೆಜಿ."

ಒಂದರ ಕೆಳಗೊಂದು ಸಾಲು, ಅಜ್ಜಿ ಕಲಿಸಿದ ಹಾಗೆ ಅಚ್ಚುಕಟ್ಟಾಗಿ. ಕೆಜಿ ಎಂದು ಬರೆಯುವುದನ್ನು ಅವನು ಯಾವಾಗಲೂ ಮರೆಯುತ್ತಿದ್ದ, ಅದಕ್ಕಾಗಿ ಎಷ್ಟು ಸಲ ಬೈಸಿಕೊಂಡಿದ್ದ. ಇವತ್ತು ಮರೆತಿರಲಿಲ್ಲ. ಅದನ್ನು ನೋಡಿ ಅವಳಿಗೆ ಅಳು ಬಂತು.

"ತಪ್ಪು ಹೇಳಿಕೊಟ್ಟವಳು ನಾನು. ದಯವಿಟ್ಟು ಬಸ್ ಹತ್ತಬೇಡ" ಎಂದು ಬರೆದಳು.

ಹನ್ನೆರಡು ನಲವತ್ತೊಂದು. ಬಾಗಿಲು ಸ್ಟೂಲಿಗೆ ತಾಗಿ ಹಿಂದೆ ಸರಿಯಿತು. ಹನ್ನೆರಡು ನಲವತ್ಮೂರು.

"ಹತ್ತಲ್ಲ" ಎಂದು ಬಂತು. ಸ್ವಲ್ಪ ಬಿಟ್ಟು ಇನ್ನೊಂದು ಸಾಲು.

"ನಿಮಗೆ ಇದು ಯಾವಾಗ ಗೊತ್ತಾಯ್ತು?"

ನಿಮಗೆ. ಎಂಟು ತಿಂಗಳಲ್ಲಿ ಅವನು ಅವಳನ್ನು ಹಾಗೆ ಕರೆದಿರಲಿಲ್ಲ. ಪರೀಕ್ಷೆಯ ಹಾಲಿನಲ್ಲಿ ಹೊಳೆಯಿತು ಎಂದು ಹೇಳಬಹುದಿತ್ತು. ಯಾರಿಗೆ ಗೊತ್ತಾಗುತ್ತದೆ? ಅವನು ನಂಬುತ್ತಿದ್ದ. ಅವಳು ಹೇಳಿದ್ದನ್ನು ಅವನು ಯಾವತ್ತು ನಂಬಿಲ್ಲ? ಬೆರಳು ಆ ಮಾತಿನ ಮೊದಲಕ್ಷರದ ತನಕ ಹೋಗಿ ನಿಂತಿತು.

"ಪರೀಕ್ಷೆ ಹಿಂದಿನ ದಿನ. ಬೆಳಗ್ಗೆ ಹತ್ತೂವರೆಗೆ."

ಬೀಗ ಬೀಳುವುದು ಹನ್ನೆರಡಕ್ಕೆ ಎನ್ನುವುದು ಅವನಿಗೂ ಗೊತ್ತಿತ್ತು. ಅದಕ್ಕೆ ಬೇರೆ ಲೆಕ್ಕ ಬೇಕಾಗಿರಲಿಲ್ಲ.

ಅವನು ಬೈಯಲಿ ಎಂದು ಅವಳು ಕಾದಳು. ಬಾಯಿಗೆ ಬಂದ ಹಾಗೆ ಬೈದಿದ್ದರೆ ಚೆನ್ನಾಗಿರುತ್ತಿತ್ತು. ಮೆಟ್ಟಿಲು ಹತ್ತಿಕೊಂಡು ಬಂದ ವಾರ್ಡಿನ ಮೇಲ್ವಿಚಾರಕಿ ಏದುಸಿರು ಬಿಡುತ್ತ, "ಪಾಸಾಗಿದ್ದೇ ತಡ, ಕಣ್ಣು ನೆತ್ತಿಗೇರಿಬಿಡ್ತಾ? ಕೆಳಗೆ ಪೇಷೆಂಟ್ ಕಾಯ್ತಿದಾರೆ" ಎಂದು ರೇಗಿದಳು. ಇವಳು ಹೂಂ ಎಂದು ಬಗ್ಗಿ ಸ್ಟೂಲು ಎಳೆದುಕೊಳ್ಳುವಾಗ ಕೈಯಲ್ಲಿದ್ದ ಫೋನು ಒಂದು ಸಲ ನಡುಗಿತು.

"ಬಿಡಿಸಿತು."

ಅದರ ಕೆಳಗೆ ಬೂದು ಬಣ್ಣದ ಸಣ್ಣ ಅಕ್ಷರಗಳಲ್ಲಿ, ಯಾರೂ ಬರೆಯದೆ ತಾನಾಗಿಯೇ ಬರುವ ಸಾಲು: ನೂಲುಂಡೆ ಕೊಠಡಿಯಿಂದ ಹೊರಗೆ ಹೋಗಿದ್ದಾರೆ.

ಬಾಗಿಲು ಮುಚ್ಚಿಕೊಂಡಿತು. ನಾಲ್ಕರಿಂದ ಹತ್ತಿದವರು ಒಂದು ಹೆಂಗಸು ಮತ್ತು ಗಾಲಿಕುರ್ಚಿಯಲ್ಲಿ ಅವಳ ತಾಯಿ. ಏಳನೆಯ ಮಹಡಿ ಎಂದರು. ಇವಳು ಗುಂಡಿ ಒತ್ತಿ ಗೋಡೆಗೆ ಬೆನ್ನು ಕೊಟ್ಟು ನಿಂತಳು. ಲಿಫ್ಟು ಹೊರಟಿತು, ಐದು ದಾಟಿತು, ಆರು ದಾಟಿತು, ಆಮೇಲೆ ನಿಧಾನವಾಗತೊಡಗಿತು.

"ಏನೋ ಹೊಟ್ಟೆಯೊಳಗೆ ಒಂಥರಾ ಹಗುರ ಆದ ಹಾಗಾಯ್ತಲ್ಲೇ" ಎಂದಳು ಗಾಲಿಕುರ್ಚಿಯ ಮುದುಕಿ ಮಗಳಿಗೆ.

"ಲಿಫ್ಟು ಕಣಮ್ಮ, ಅಷ್ಟೇ" ಎಂದಳು ಮಗಳು.

ಇವಳು ಗೋಡೆಯ ಕಂಬಿಯನ್ನು ಗಟ್ಟಿಯಾಗಿ ಹಿಡಿದುಕೊಂಡಳು. ಏಳನೆಯ ಮಹಡಿಯಲ್ಲಿ ಬಾಗಿಲು ತೆರೆಯಿತು. ಗಾಲಿಕುರ್ಚಿ ಹೊರಗೆ ಹೋಯಿತು. ಸಿಗ್ನಲ್ಲಿನ ನಾಲ್ಕೂ ಗೆರೆಗಳು ಬಂದವು. ಅವಳು ಫೋನನ್ನು ಅಂಗೈಯಲ್ಲಿ ಇಟ್ಟುಕೊಂಡು, ಬಾಗಿಲು ತಾನಾಗಿ ಮುಚ್ಚಿಕೊಳ್ಳುವ ತನಕ ನಿಂತೇ ಇದ್ದಳು.